ಬೋಳುದಿನ್ನೆಯ ಮೂರು ದಿನ

“ಅಜ್ಜಾರ, ಯಾಕ ಅಂತ ಯಾರಿಗೂ ಗೊತ್ತಿಲ್ಲದ ಪದ್ಧತಿಗಳನ್ನ ನಾವ್ಯಾಕ ನಡಸಬೇಕು?”

ಮಠದ ಗುರುಗಳನ್ನು ಹೀಗೆ ಕೇಳಿದವನು ನಿರುಪಾದಿ. ದಾರಿ ಬದಿಯ ಆ ಸಣ್ಣ ಮಠದ ಉಸ್ತುವಾರಿ ಅವನ ಕೈಗೆ ಬಂದು ಮೂರು ತಿಂಗಳಾಗಿತ್ತು. ಕೆಲಸದಲ್ಲಿ ಹುಲಿ. ಮೊದಲ ತಿಂಗಳು ಉಗ್ರಾಣದ ಇಲಿಬಿಲಗಳನ್ನೆಲ್ಲ ಮುಚ್ಚಿಸಿದ. ಎರಡನೆಯ ತಿಂಗಳು ಸೋರುವ ಹಂಡೆಗಳಿಗೆಲ್ಲ ಬೆಸುಗೆ ಹಾಕಿಸಿದ. ಮೂರನೆಯ ತಿಂಗಳು ಮುಚ್ಚಲು ಬಿಲವಿರಲಿಲ್ಲ, ಬೆಸೆಯಲು ಹಂಡೆಯಿರಲಿಲ್ಲ. ಮಠದ ಪದ್ಧತಿಗಳ ಕಡೆ ತಿರುಗಿದ.

ಎಣಿಸಿದಾಗ ನಲವತ್ತು ಪದ್ಧತಿ ಸಿಕ್ಕವು. ಒಂದೊಂದಕ್ಕೂ ಕಾರಣ ಕೇಳುತ್ತ ಅಡುಗೆಯವರಿಂದ ಹಿಡಿದು ದನ ಕಾಯುವವರ ತನಕ ಎಲ್ಲರ ಹಿಂದೆ ಓಡಾಡಿದ. ಇಪ್ಪತ್ತಾರಕ್ಕೆ ಕಾರಣ ಸಿಕ್ಕಿತು. ಹದಿನಾಲ್ಕಕ್ಕೆ ಸಿಗಲಿಲ್ಲ. ಆ ಹದಿನಾಲ್ಕನ್ನು ಒಂದು ಹಾಳೆಯ ಮೇಲೆ ದುಂಡಗೆ ಬರೆದು, ಕೆಳಗೆ ಗುರುಗಳ ರುಜುವಿಗೆ ಜಾಗ ಬಿಟ್ಟು, ಬೆಳಗಿನ ಪೂಜೆ ಮುಗಿಯುತ್ತಲೇ ತಂದು ಹಿಡಿದಿದ್ದ. ರುಜು ಬಿದ್ದರೆ ಹದಿನಾಲ್ಕೂ ಅವತ್ತೇ ಬಂದ್.

“ಓದು, ಕೇಳೂಣು,” ಎಂದರು ಗುರುಗಳು.

“ಒಂದು. ದಿನಾ ಒಂದು ತಂಬಿಗಿ ಅಂಬಲಿ ಅಗಸಿ ಬಾಗಲ ಹೊರಗ ಇಡೋದು. ಯಾರೂ ಕುಡಿಯೂದಿಲ್ಲ. ಎರಡು. ಪಂಕ್ತಿಯಾಗ ಕಡೀಯವ ಉಂಡು ಮುಗಿಸೋ ತನಕ ಎಲ್ಲಾರೂ ಖಾಲಿ ಎಲಿ ನೋಡಕೋತ ಕುಂದ್ರೋದು. ಮೂರು. ಎಡಗಡೆ ಬಾಗಿಲದ್ದು ಒಂದ ಕದ ಯಾವತ್ತೂ ತಗೀದ ಇರೋದು...”

ಹೀಗೆ ಹದಿಮೂರು ಓದಿದ. ಓದಿ ಹಾಳೆಯನ್ನು ಮಡಚಿದ.

“ಹದಿನಾಕನೇದು?”

“ಅದೇನು ಸಣ್ಣದು ಬಿಡ್ರಿ.”

“ಹಂಗಾರ ಕುಂದ್ರು.”

“ರುಜು ಅಷ್ಟ ಸಾಕ್ರಿ ಅಜ್ಜಾರ, ಕೆಲಸ ಭಾಳ ಅದಾವು.”

“ಕುಂದ್ರು ಅಂದ್ನಿ.”

ನಿರುಪಾದಿ ಉಸಿರು ಬಿಟ್ಟು ಕೂತ. ಗುರುಗಳು ಕುಂದ್ರು ಎಂದರೆ ಕತೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬಂದೇ ಬಂತು.

ಒಬ್ಬ ಕುರಿಗಾರನಿದ್ದ. ಹೆಸರು ಬೇಕೆಂದರೆ ಮಾಳಿಂಗ ಎಂದಿಟ್ಟುಕೋ. ಅವನದು ಹನ್ನೆರಡು ಒಲೆಯ ತಂಡ. ಹನ್ನೆರಡು ಸಂಸಾರ ಎಂದರ್ಥ. ಒಂದೊಂದು ಸಂಸಾರಕ್ಕೆ ಒಂದೊಂದು ಒಲೆ. ಎಲ್ಲರದೂ ಸೇರಿ ಎಂಟು ನೂರು ಕುರಿ, ಸಾಮಾನು ಹೊರಲು ಒಂಬತ್ತು ಕತ್ತೆ. ಮಳೆಗಾಲ ಮುಗಿದ ಮೇಲೆ ಮೇಲುನಾಡಿನಿಂದ ಇಳಿದು ಕಪ್ಪು ಮಣ್ಣಿನ ಎರೆ ಸೀಮೆಗೆ ಹೋಗುತ್ತಿದ್ದರು. ಅಲ್ಲಿನ ರೈತರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದರು. ಹದಿನೆಂಟು ದಿನದ ನಡಿಗೆ. ಆದರೆ ಮುಟ್ಟಲು ಇಪ್ಪತ್ತೊಂದು ದಿನ ಹಿಡಿಯುತ್ತಿತ್ತು. ನಡುವೆ ಮೂರು ದಿನ ಅವರು ಬೋಳುದಿನ್ನೆಯ ಮೇಲೆ ಸುಮ್ಮನೆ ಕೂಡುತ್ತಿದ್ದರು.

ಆ ದಿನ್ನೆಯ ಮೇಲೆ ಒಂದು ಜಾಲಿ ಗಿಡ ಬಿಟ್ಟರೆ ಮತ್ತೊಂದು ಗಿಡವಿಲ್ಲ. ಹುಲ್ಲಿಲ್ಲ. ಸಣ್ಣ ಕಲ್ಲುಗಳ ಕಾದ ಗರಸು ನೆಲ. ಇದ್ದ ಒಂದು ಒರತೆಯ ನೀರು ಉಪ್ಪುಪ್ಪು. ನೂರು ಹೆಜ್ಜೆ ಆಚೆ ಹಸಿರು ಬಯಲಿದ್ದರೂ ಹನ್ನೊಂದನೆಯ ದಿನ ಹಿಂಡು ಅಲ್ಲೇ ನಿಲ್ಲಬೇಕು, ಮೂರು ದಿನ ಅಲ್ಲೇ ಇರಬೇಕು. ಯಾಕೆ? ಅಪ್ಪ ಕೂತಿದ್ದ. ಅಪ್ಪ ಯಾಕೆ ಕೂತ? ಅವರಪ್ಪ ಕೂತಿದ್ದ. ಕೇಳುತ್ತ ಹೋದರೆ ಕೂತವರೇ ಸಿಗುತ್ತಿದ್ದರು ಹೊರತು ಕಾರಣ ಸಿಗುತ್ತಿರಲಿಲ್ಲ.

ಮಾಳಿಂಗನ ಸೋದರಮಾವ ತಂಡದ ಯಜಮಾನನಾಗಿದ್ದ. ಅವನ ಮೊಣಕಾಲು ಹಿಡಿದುಕೊಂಡಾಗ ಹನ್ನೆರಡು ಒಲೆಯವರೂ ಸೇರಿ ಯಜಮಾನಿಕೆಯ ಕೋಲನ್ನು ಮಾಳಿಂಗನ ಕೈಗಿತ್ತರು. ಕೊಟ್ಟ ಕೋಲು ಕಾಯಂ ಅಲ್ಲ. ಪ್ರತಿ ವರ್ಷ ಎರೆ ಸೀಮೆ ಮುಟ್ಟಿದ ದಿನ ಎಲ್ಲರೂ ಕೂತು, ಕೋಲು ಅದೇ ಕೈಯಲ್ಲಿರಲಿ ಅಥವಾ ಬೇಡ ಎಂದು ಹೇಳುತ್ತಿದ್ದರು. ಮಾಳಿಂಗ ಮದುವೆಯಾಗದ ಹುಡುಗ; ಆ ಕೋಲು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. ಅದನ್ನು ಉಳಿಸಿಕೊಳ್ಳಬೇಕು, ಮಾವ ಮಾಡದ್ದನ್ನು ಮಾಡಿ ತೋರಿಸಬೇಕು.

ಮಾಡುವುದಕ್ಕೆ ಕೆಲಸವೂ ಇತ್ತು. ಪಡುವಲ ಕಡೆಯ ಇನ್ನೊಂದು ಹಿಂಡು ಪ್ರತಿ ವರ್ಷ ಇವರಿಗಿಂತ ಎರಡು ದಿನ ಮೊದಲೇ ಎರೆ ಸೀಮೆ ಮುಟ್ಟಿ, ಬಾವಿಯ ಹತ್ತಿರದ ಒಳ್ಳೆಯ ಹೊಲಗಳನ್ನೆಲ್ಲ ಹಿಡಿಯುತ್ತಿತ್ತು. ಇವರಿಗೆ ಊರಾಚೆಯ ಮೂಲೆ ಹೊಲ. ಮಾಳಿಂಗ ಬೆರಳು ಮಡಚಿ ಎಣಿಸಿದ. ದಿನ್ನೆಯ ಮೂರು ದಿನ ಬಿಟ್ಟರೆ ಅವರಿಗಿಂತ ಒಂದು ದಿನ ಮೊದಲು ನಾವು.

ದಿನ್ನೆ ಬಂತು. ಹಿಂಡು ತಾನಾಗಿಯೇ ಮೇಲೆ ಹತ್ತತೊಡಗಿತು. ಮಾಳಿಂಗ ಕೋಲು ಅಡ್ಡ ಹಿಡಿದ.

“ಯಾಕೋ?” ಎಂದಳು ಲಗುಮವ್ವ. ಆಕೆ ಅವನ ತಾಯಿಯ ತಾಯಿ, ತಂಡಕ್ಕೆಲ್ಲ ಹಿರಿಯಳು.

“ಆಯಿ, ಇಲ್ಲಿ ಯಾಕ ಕುಂದರತೀವಿ, ಒಂದ ಕಾರಣ ಹೇಳು. ಹೇಳಿದಿ ಅಂದ್ರ ಕುಂದ್ರೂಣು.”

ಲಗುಮವ್ವ ಎಲೆ ಅಡಿಕೆ ಅಗಿಯುತ್ತ ಯೋಚಿಸಿದಳು. “ನಂಗ ಗೊತ್ತಿಲ್ಲಪಾ.”

“ಮತ್ತ?”

“ಮತ್ತೇನು? ಗೊತ್ತಿಲ್ಲ ಅಂದ್ನಿ. ಕಾರಣ ಇಲ್ಲ ಅನ್ನಲಿಲ್ಲ.”

ಮಾಳಿಂಗ ನಕ್ಕು ಹಿಂಡನ್ನು ಮುಂದೆ ಹೊಡೆದ. ಹದಿನೆಂಟನೆಯ ದಿನ ಎರೆ ಸೀಮೆ ಮುಟ್ಟಿದರು. ಬಾವಿಯ ಮಗ್ಗುಲಿನ ಹೊಲಗಳೆಲ್ಲ ಖಾಲಿ ಇದ್ದವು. ಮರುದಿನ ಪಡುವಲ ಹಿಂಡಿನವರು ಬಂದು, ಇವರನ್ನು ನೋಡಿ ಬಾಯಿ ತೆರೆದು ನಿಂತರು. ಹನ್ನೆರಡು ಒಲೆಯವರೂ ಮಾಳಿಂಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಡೊಳ್ಳು ಬಾರಿಸಿದರು. ಕೋಲು ಅವನ ಕೈಯಲ್ಲೇ ಉಳಿಯಿತು.

“ಬರೋಬ್ಬರಿ ಮಾಡಿದ!” ಎಂದ ನಿರುಪಾದಿ.

“ನಾನೂ ಹಂಗ ಅಂತೀನಿ,” ಎಂದರು ಗುರುಗಳು. “ಮುಂದ ಕೇಳು.”

ಒಂದು ತಿಂಗಳಾಯಿತು. ಕುರಿಗಳು ಒಂದರ ಉಣ್ಣೆ ಒಂದು ತಿನ್ನತೊಡಗಿದವು. ಕತ್ತೆಯ ಬೆವರು ನೆಕ್ಕಿದವು, ಕಲ್ಲು ನೆಕ್ಕಿದವು, ರೈತರ ಮನೆಯ ಗೋಡೆ ನೆಕ್ಕಿದವು. ಒಂದು ಟಗರು ಯಾರದೋ ಅಡುಗೆಮನೆಗೆ ನುಗ್ಗಿ ಉಪ್ಪಿನ ಗಡಿಗೆಯಲ್ಲಿ ಮುಖವಿಟ್ಟಿತು. ಗಡಿಗೆ ಕೊಂಬಿಗೆ ಸಿಕ್ಕಿಕೊಂಡಿತು. ಗಡಿಗೆ ಹೊತ್ತುಕೊಂಡೇ ಅದು ಊರೆಲ್ಲ ಓಡಿತು. ಅದರ ಹಿಂದೆ ಮನೆಯವಳು, ಅವಳ ಹಿಂದೆ ಊರ ನಾಯಿಗಳು.

“ಏನಪಾ ಕುರಿಗಾರ,” ಎಂದ ಒಬ್ಬ ರೈತ, “ನಿನ್ನ ಕುರಿ ನೆಕ್ಕಿ ನೆಕ್ಕಿ ನಮ್ಮ ಗ್ವಾಡಿ ಸಣ್ಣ ಆಗ್ಯಾವು. ಇನ್ನೊಂದು ವಾರ ಹಿಂಗ ಆದರ ನಾವು ಬಯಲಾಗ ಮಲಗಬೇಕು.”

ಲಗುಮವ್ವನಿಗೆ ಆಗ ಹೊಳೆಯಿತು. “ದಿನ್ನಿ ಮ್ಯಾಲ ಮೂರು ದಿನ ಮಣ್ಣು ನೆಕ್ಕತಿದ್ದುವಲ್ಲೋ! ಅಲ್ಲಿದು ಉಪ್ಪು ಮಣ್ಣು. ನಾನು ಇಷ್ಟು ವರ್ಸ, ಮೇವಿಲ್ಲದ್ದಕ್ಕ ನೆಕ್ಕತಾವು ಅಂತ ತಿಳಕೊಂಡಿದ್ನಿ.”

“ಮೊದಲ ಹೇಳಬಾರದೇನು ಆಯಿ?”

“ಗೊತ್ತಿದ್ದರಲ್ಲೇನೋ ಹೇಳೋದು!”

ಮಾಳಿಂಗ ಕುಗ್ಗುವ ಆಳಲ್ಲ. ಅವನಿಗೆ ಖುಷಿಯೇ ಆಯಿತು. ಕಾರಣ ಸಿಕ್ಕಿತಲ್ಲ! ಎರಡು ಕಂಬಳಿ ಕೊಟ್ಟು ಎರಡು ಕತ್ತೆ ತಂದ. ಇಬ್ಬರನ್ನು ಕಳಿಸಿ ದಿನ್ನೆಯ ಮಣ್ಣು ತರಿಸಿದ. ಕುರಿಗಳು ಮಣ್ಣು ನೆಕ್ಕಿ ಗೋಡೆ ಬಿಟ್ಟವು. ಮರುವರ್ಷ ಹಾದಿಯಲ್ಲೇ ಆ ಎರಡು ಕತ್ತೆಗೆ ಮಣ್ಣು ತುಂಬಿಸಿಕೊಂಡು, ದಿನ್ನೆಯ ಬದಿಯಿಂದ ಶಿಳ್ಳೆ ಹಾಕುತ್ತ ಹಾದುಹೋದ.

ಆ ವರ್ಷ ಕುರಿಗಳ ಕಾಲು ಕೊಳೆತವು.

ಹನ್ನೊಂದು ದಿನ ಹಳ್ಳ, ಕೆಸರು, ಗದ್ದೆಯ ಬದು ತುಳಿದು ಬಂದ ಗೊರಸು ಮೆತ್ತಗಾಗಿರುತ್ತಿತ್ತು. ದಿನ್ನೆಯ ಕಾದ ಗರಸಿನ ಮೇಲೆ ಮೂರು ದಿನ ನಿಂತರೆ ಒಣಗಿ ಗಟ್ಟಿಯಾಗುತ್ತಿತ್ತು. ಈಗ ಹಸಿ ಗೊರಸಿನಲ್ಲೇ ಎರೆ ಮಣ್ಣಿಗಿಳಿದವು. ಅರ್ಧ ಹಿಂಡು ಕುಂಟಿತು. ಮಾಳಿಂಗ ಕೂತು ಒಂದೊಂದು ಕಾಲನ್ನೂ ಎತ್ತಿ ನೋಡಿದ, ಯೋಚಿಸಿದ, ಈ ಕಾರಣವನ್ನೂ ಹಿಡಿದ. ಜಾಣ ಎಂದರೆ ಜಾಣ. ಮುಂದಿನ ವರ್ಷಕ್ಕೆ ಮೂರು ಕತ್ತೆ ಹೆಚ್ಚಾದವು. ಅವುಗಳ ಮೇಲೆ ಸುಣ್ಣ, ಬೇವಿನೆಣ್ಣೆ. ದಿನಾ ಸಂಜೆ ಎಲ್ಲರೂ ಕೂತು ಕುರಿಗಳ ಗೊರಸಿಗೆ ಎಣ್ಣೆ ತಿಕ್ಕಬೇಕು. ಎಂಟು ನೂರು ಕುರಿ ಎಂದರೆ ಮೂರು ಸಾವಿರದ ಇನ್ನೂರು ಗೊರಸು.

“ಅವ ಕಾರಣ ಹುಡುಕಿ ಹುಡುಕಿ ಸರಿ ಮಾಡಾಕತ್ತಾನಲ್ರಿ,” ಎಂದ ನಿರುಪಾದಿ. “ಅದರಾಗ ತಪ್ಪೇನೈತಿ?”

“ತಪ್ಪು ಅಂತ ಯಾರಂದ್ರು? ಕತ್ತೆ ಎಷ್ಟಾದವು, ಎಣಸ್ಕೋತ ಹೋಗು.”

“ಹದಿನಾಕು.”

“ಹ್ಞಾಂ.”

ಎಣ್ಣೆ ತಿಕ್ಕುವ ಕೆಲಸದಿಂದಲೇ ಮೂರನೆಯ ಸಂಕಟ ಎದ್ದಿತು. ದ್ಯಾಮವ್ವನ ಒಲೆಯವರು ತಮ್ಮ ಕುರಿಗೆ ಮಾತ್ರ ತಿಕ್ಕಿ ಮಲಗಿದರು ಎಂದು ಸಂಕವ್ವ ಅಂದಳು. ಸಂಕವ್ವನ ನಾಯಿ ನನ್ನ ರೊಟ್ಟಿಯ ಬುಟ್ಟಿಯನ್ನೇ ತಿಂದಿತು, ಅದಕ್ಕೇನಂತೀರಿ ಎಂದು ದ್ಯಾಮವ್ವ ಅಂದಳು.

ಮೊದಲಾಗಿದ್ದರೆ ಈ ಮಾತು ಇಲ್ಲಿಗೇ ನಿಲ್ಲುತ್ತಿತ್ತು. ಆ ತಂಡದಲ್ಲಿ ಒಂದು ವಾಡಿಕೆ ಇತ್ತು. ಹಾದಿಯಲ್ಲಿ ಜಗಳ ಎದ್ದರೆ ಒಬ್ಬರು “ದಿನ್ನಿಗೆ ಬಾ” ಎನ್ನಬೇಕು. ಅಂದ ಮೇಲೆ ಇಬ್ಬರೂ ಬಾಯಿ ಮುಚ್ಚಿ ತಮ್ಮ ಕೆಲಸ ನೋಡಬೇಕು. ಜಗಳವೆಲ್ಲ ದಿನ್ನೆಯ ಜಾಲಿ ಗಿಡದ ಕೆಳಗೆ. ಅಲ್ಲಿ ಕಾಯಲು ಮೇವಿಲ್ಲ, ನಡೆಯಲು ಹಾದಿಯಿಲ್ಲ. ಬೇರೆ ಕೆಲಸವೇ ಇಲ್ಲ. ಮನಸಾರೆ ಜಗಳವಾಡಬಹುದು. ಹತ್ತು ದಿನ ಒಳಗೊಳಗೇ ಮಸೆದಿಟ್ಟುಕೊಂಡ ಬೈಗುಳ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಸುತ್ತ ಕೂತವರು ಚಲೋ ಬೈಗುಳಕ್ಕೆ ಶಹಬ್ಬಾಸ್ ಅನ್ನುತ್ತಿದ್ದರು. ಅಷ್ಟರಲ್ಲಿ ಜಗಳದ ಅರ್ಧ ಭಾಗ ಆಡುವವರಿಗೇ ಮರೆತಿರುತ್ತಿತ್ತು; ಉಳಿದರ್ಧ ಹೇಳಲು ಹೋದರೆ ನಗು ಬರುತ್ತಿತ್ತು. ಮೂರನೆಯ ದಿನ ಇಳಿಯುವಾಗ ಜಗಳ ದಿನ್ನೆಯ ಮೇಲೆ, ಜನ ಕೆಳಗೆ.

ಈಗ ದಿನ್ನೆಯಿಲ್ಲ. “ದಿನ್ನಿಗೆ ಬಾ” ಎಂದಳು ಸಂಕವ್ವ, ರೂಢಿಯಂತೆ.

“ಯಾವ ದಿನ್ನಿಗೆ?” ಎಂದಳು ದ್ಯಾಮವ್ವ. “ನಿಮ್ಮ ಯಜಮಾನ ದಿನ್ನೀನ ಕತ್ತೆ ಮ್ಯಾಲ ಹೇರ್ಯಾನ. ಹುಡುಕು ಹೋಗು ಚೀಲದಾಗ!”

ಜಗಳ ತಂಡದ ಜೊತೆಗೇ ನಡೆದು ಎರೆ ಸೀಮೆ ಮುಟ್ಟಿತು. ಹೆಂಗಸರಿಂದ ಗಂಡಸರಿಗೆ, ಗಂಡಸರಿಂದ ನೆಂಟರಿಗೆ ಹರಡಿತು. ಐದು ಒಲೆ ಒಂದು ಕಡೆ, ಏಳು ಒಲೆ ಇನ್ನೊಂದು ಕಡೆ. ಆ ವರ್ಷ ಕೋಲಿನ ಮಾತು ಬಂದಾಗ ಡೊಳ್ಳು ಬಾರಿಸಲಿಲ್ಲ. ಇನ್ನೊಂದು ವರ್ಷ ನೋಡುತ್ತೇವೆ, ಸರಿಹೋಗದಿದ್ದರೆ ಕೋಲು ಮುರಿದು ಎರಡು ಮಾಡಿಕೊಂಡು ಬೇರೆಯಾಗುತ್ತೇವೆ ಎಂದರು. ಹಿಂಡು ಒಡೆದರೆ ಐದು ಒಲೆಯವರಿಗೆ ತೋಳ ಕಾಯುವಷ್ಟು ಜನ ಸಾಲದು, ಏಳು ಒಲೆಯವರಿಗೆ ದೊಡ್ಡ ಹೊಲ ತುಂಬುವಷ್ಟು ಕುರಿ ಸಾಲದು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಸೋಲಲು ತಯಾರಿರಲಿಲ್ಲ.

ಸಾಲದ್ದಕ್ಕೆ ಲಗುಮವ್ವ ಇನ್ನೊಂದು ತೆಗೆದಳು. “ಮೂರು ವರ್ಸ ಆತು, ನಮ್ಮಾಗ ಒಂದ ಲಗ್ನ ಆಗಿಲ್ಲ. ಮೂಡಲ ಹಿಂಡಿನವರು ದಿನ್ನಿಗೆ ಬರತಿದ್ರು, ಹುಡುಗ ಹುಡುಗೀನ ನೋಡತಿದ್ದ, ಹುಡುಗಿ ಹುಡುಗನ್ನ ನೋಡತಿದ್ದಳು. ಈಗ ನಮ್ಮ ಹುಡುಗರು ನೋಡೋದು ಬರೇ ಗೊರಸು.”

ಮಾಳಿಂಗನ ಎದೆ ಮೊದಲ ಸಲ ಸ್ವಲ್ಪ ಅಳುಕಿತು. ಆದರೂ ತಲೆ ಸುಮ್ಮನಿರಲಿಲ್ಲ. ಲಗ್ನಕ್ಕೆ ದಿನ್ನೆ ಯಾಕೆ ಬೇಕು, ಲಗ್ನ ಕುದುರಿಸುವ ಮುದುಕನೊಬ್ಬ ಸಾಕು. ಒಬ್ಬನನ್ನು ಹುಡುಕಿದ. ಆ ಮುದುಕ ನಡೆಯಲಾರ, ಅವನಿಗೊಂದು ಕತ್ತೆ. ಅವನ ಹಾಸಿಗೆ, ಪೀಕದಾನಿ, ಎಲೆಯ ಸಂಚಿಗೆ ಇನ್ನೊಂದು. ಜಗಳಕ್ಕೆ ದಿನ್ನೆ ಯಾಕೆ ಬೇಕು, ದಿನಾ ಸಂಜೆ ಒಂದು ಹೊತ್ತು ಗೊತ್ತು ಮಾಡಿದರೆ ಸಾಕು. ಅವತ್ತಿನ ಜಗಳ ಅವತ್ತೇ ಮುಗಿಯಬೇಕು. ನ್ಯಾಯ ಹೇಳಲು ಮೊಣಕಾಲು ನೋವಿನ ಸೋದರಮಾವನನ್ನೇ ಹೊರಡಿಸಿದ. ಅವನಿಗೊಂದು ಕತ್ತೆ, ಅವನ ಮಂಚಕ್ಕೊಂದು. ಇಷ್ಟು ಕತ್ತೆಗಳ ಮೇವು ಹೊರಲು ಮತ್ತೆರಡು ಕತ್ತೆ.

“ಇಪ್ಪತ್ತು,” ಎಂದ ನಿರುಪಾದಿ. ಅವನಿಗೆ ನಗು ಬರತೊಡಗಿತ್ತು.

ಇಪ್ಪತ್ತು ಕತ್ತೆಯ ನಡಿಗೆ ನಿಧಾನ. ಅದನ್ನೂ ಎಣಿಸಿ ಮಾಳಿಂಗ ನಾಲ್ಕನೆಯ ವರ್ಷ ನಾಲ್ಕು ದಿನ ಮೊದಲೇ ಹೊರಟ. ಮೂರು ದಿನ ಉಳಿಸಲು ನಾಲ್ಕು ದಿನ ಮೊದಲು ಹೊರಟದ್ದು ಅವನ ಗಮನಕ್ಕೆ ಬರಲಿಲ್ಲ. ಲಗುಮವ್ವನ ಗಮನಕ್ಕೆ ಬಂದಿತ್ತು. ಆಕೆ ಎಲೆ ಅಡಿಕೆ ಅಗಿಯುತ್ತಿದ್ದಳು.

ಜಗಳದ ಹೊತ್ತು ಶುರುವಾಯಿತು. ಮೊದಲ ಸಂಜೆ ಎರಡು ಜಗಳ ಬಂದವು. ಮಾವ ನ್ಯಾಯ ಹೇಳಿದ. ಮೂರನೆಯ ಸಂಜೆ ಏಳು ಬಂದವು. ಸರದಿ ಇದೆ ಎಂದ ಮೇಲೆ ಬಿಡುವುದು ಯಾರಿಗೆ ಬಂತು? ಜಗಳವಿಲ್ಲದ ಒಲೆಯವರಿಗೆ ಎಲ್ಲೋ ತಮಗೆ ಮೋಸವಾಗುತ್ತಿದೆ ಅನ್ನಿಸಿತು. ಹಗಲೆಲ್ಲ ಅವರು ಜಗಳ ಹುಡುಕಿದರು. “ನೀ ನಿನ್ನೆ ನನ್ನ ನೋಡಿ ಕೆಮ್ಮಿದಿ” ಎಂದು ಒಬ್ಬ ಬಂದ. “ನನಗ ಕೆಮ್ಮಾದರ ನಾ ಯಾರನ್ನ ನೋಡಬೇಕಿತ್ತು?” ಎಂದು ಇನ್ನೊಬ್ಬ. ಕೇಳಿ ಕೇಳಿ ಮಾವ, ನನ್ನ ಮೊಣಕಾಲೇ ವಾಸಿ, ಅದು ಮಾತಾಡುವುದಿಲ್ಲ ಎಂದ. ಇತ್ತ ಲಗ್ನದ ಮುದುಕ ದಿನಾ ಒಂದು ಸಂಬಂಧ ಹೇಳಿದ. ಹೇಳಿದ ಹುಡುಗಿಯರಲ್ಲಿ ಇಬ್ಬರಿಗೆ ಆಗಲೇ ಮೊಮ್ಮಕ್ಕಳಿದ್ದರು.

ಹೀಗೆ ಮಣ್ಣು, ಸುಣ್ಣ, ಎಣ್ಣೆ, ಮುದುಕ, ಮಾವ, ಮಂಚ ಎಲ್ಲವನ್ನೂ ಹೊತ್ತುಕೊಂಡು ತಂಡ ಬೋಳುದಿನ್ನೆಯ ಬುಡಕ್ಕೆ ಬಂತು. ಅಲ್ಲಿಗೆ ಬರುತ್ತಲೇ ಮುಂದಿನ ಕತ್ತೆ ನಿಂತಿತು. ಅದು ಮುದುಕನ ಕತ್ತೆ. ಒಮ್ಮೆ ಸುತ್ತ ನೋಡಿತು. ಮುದುಕನ ಸಮೇತ ಕೂತುಬಿಟ್ಟಿತು. ಅದರ ಹಿಂದಿನದೂ ಕೂತಿತು. ನೋಡನೋಡುತ್ತ ಇಪ್ಪತ್ತೂ ಕೂತವು.

ಮಾಳಿಂಗ ಹಗ್ಗ ಹಿಡಿದು ಎಳೆದ. ಬೈದ. ಬೆನ್ನು ಸವರಿದ. ಕೈಮುಗಿದ. ಕತ್ತೆಗಳು ಕಣ್ಣು ಮುಚ್ಚಿಕೊಂಡವು.

“ಇವಕ್ಕ ಕಾರಣ ಕೇಳೋ,” ಎಂದಳು ಲಗುಮವ್ವ.

ಬೇರೆ ದಾರಿ ಇರಲಿಲ್ಲ. ಹನ್ನೆರಡು ಒಲೆಯವರೂ ದಿನ್ನೆ ಹತ್ತಿ ಕೂತರು.

ಕುರಿಗಳು ತಲೆ ತಗ್ಗಿಸಿ ಮಣ್ಣು ನೆಕ್ಕತೊಡಗಿದವು. ಮಣ್ಣಿನ ಚೀಲ ಬಿಚ್ಚುವ ಗೋಜು ಬರಲಿಲ್ಲ. ಗರಸು ಕಾದಿತ್ತು; ಎಣ್ಣೆಯ ಗಡಿಗೆಯ ಮುಚ್ಚಳ ತೆಗೆಯಲಿಲ್ಲ. ಮೊದಲ ಸಂಜೆ ಮಾಡಲು ಏನೂ ಇಲ್ಲದೆ ದ್ಯಾಮವ್ವ ಜಾಲಿ ಗಿಡದ ಕೆಳಗೆ ಹೋಗಿ ಕೂತಳು. ಎದುರಿಗೆ ಸಂಕವ್ವ ಬಂದು ಕೂತಳು. ಹನ್ನೆರಡು ಒಲೆಯವರೂ ಸುತ್ತ ಸೇರಿದರು. ಐದು ಒಲೆ ಒಂದು ಕಡೆ, ಏಳು ಒಲೆ ಇನ್ನೊಂದು ಕಡೆ. ಮಾಳಿಂಗ ಕೋಲು ಹಿಡಿದು ದೂರ ನಿಂತ. ಕೋಲು ಮುರಿಯುವುದಾದರೆ ಈಗಲೇ ಮುರಿದೀತು ಎಂದು ಅವನಿಗೆ ಗೊತ್ತಾಗಿತ್ತು.

“ನಿನ್ನ ನಾಯಿ ನನ್ನ ರೊಟ್ಟಿ ಬುಟ್ಟಿ ತಿಂತು,” ಎಂದಳು ದ್ಯಾಮವ್ವ.

“ರೊಟ್ಟಿ ತಿಂದಿತ್ತೇನು, ಬುಟ್ಟಿ ತಿಂದಿತ್ತೇನು?”

“ರೊಟ್ಟಿ ಬಿಟ್ಟು ಬುಟ್ಟಿ ತಿಂತು.”

ಸಂಕವ್ವ ಮುಂದಕ್ಕೆ ಸರಿದು ಕೂತಳು. “ಹಂಗಾರ ದ್ಯಾಮವ್ವ, ನನ್ನ ನಾಯಿಗೆ ಬುದ್ಧಿ ಐತಿ ಅಂದಂಗಾತು. ನಿನ್ನ ರೊಟ್ಟಿಕಿಂತ ಬುಟ್ಟಿ ಮೆತ್ತಗಿತ್ತೇನೋ!”

ಯಾರೋ ಶಹಬ್ಬಾಸ್ ಅಂದರು. ದ್ಯಾಮವ್ವ ಕೆಂಪಗಾದಳು. ಏನೋ ಹೇಳಲು ಬಾಯಿ ತೆರೆದಳು. ಬಾಯಿಂದ ನಗು ಹೊರಟುಬಿಟ್ಟಿತು. ಆಕೆ ನಕ್ಕ ಮೇಲೆ ಅತ್ತ ಏಳು ಒಲೆ ನಕ್ಕವು, ಇತ್ತ ಐದು ಒಲೆ ನಕ್ಕವು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾವ. ಇನ್ನು ನ್ಯಾಯ ಹೇಳುವ ಕೆಲಸವಿಲ್ಲವೆಂದು ಅವನಿಗೆ ಅಷ್ಟು ಹಗುರಾಗಿತ್ತು.

ಎರಡನೆಯ ದಿನ ಮೂಡಲ ಹಿಂಡು ದಿನ್ನೆಗೆ ಬಂತು. ಅದರಲ್ಲೊಬ್ಬಳು ಹುಡುಗಿ ನೇರ ಬಂದು ಮಾಳಿಂಗನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಮೂರು ವರ್ಸ ಎಲ್ಲಿ ಹಾಳಾಗಿ ಹೋಗಿದ್ರಿ?”

ಮಾಳಿಂಗನಿಗೆ ಹೇಳಲು ಬಹಳ ಕಾರಣಗಳಿದ್ದವು. ಒಂದೂ ನೆನಪಾಗಲಿಲ್ಲ. ಲಗ್ನದ ಮುದುಕ ದೂರದಿಂದ ಇಬ್ಬರನ್ನೂ ನೋಡಿ, ಎಲೆಯ ಸಂಚಿಯನ್ನು ತಲೆಗಿಟ್ಟುಕೊಂಡು ಮಲಗಿದ.

ಮೂರನೆಯ ಸಂಜೆ ಮಾಳಿಂಗ ಕೋಲನ್ನು ತಂದು ಲಗುಮವ್ವನ ಮುಂದಿಟ್ಟ. “ತಗೋ ಆಯಿ. ಯಾರಿಗೆ ಕೊಡಬೇಕು ಕೊಡ್ರಿ. ನಾನು ಮೂರು ವರ್ಸ ತಂಡಾನ ಕುಣಿಸಿಬಿಟ್ನಿ.”

ಲಗುಮವ್ವ ಹನ್ನೆರಡು ಒಲೆಯವರ ಮುಖ ನೋಡಿದಳು. ಯಾರೂ ಕೈ ಚಾಚಲಿಲ್ಲ.

“ನಿನ್ನ ಕೈಯಾಗ ಇರಲಿ,” ಎಂದಳು. “ಹೊಸಬ ಬಂದರ ಅವನೂ ಶಾಣ್ಯಾನ ಇರತಾನ. ಅವಂಗ ಕಲಸಾಕ ಮತ್ತ ಹನ್ನೊಂದು ಕತ್ತೆ ಎಲ್ಲಿಂದ ತರೂಣು?”

ನಗು ಇಳಿದ ಮೇಲೆ ಮಾಳಿಂಗ ಕೇಳಿದ, “ಹಂಗಾರ ಆಯಿ, ಏನೂ ಬದಲು ಮಾಡಬಾರದೇನು?”

“ಯಾರಂದ್ರು? ನಾನು ಮದಿವಿ ಆಗಿ ಬಂದಾಗ ಇಲ್ಲಿ ಐದು ದಿನ ಕುಂದರತಿದ್ವಿ. ಒರತಿ ನೀರು ಸಣ್ಣದಾತು. ನಮ್ಮತ್ತಿ ಒಂದು ವರ್ಸ ನಾಕು ದಿನ ಕುಂದ್ರಿಸಿ ನೋಡಿದಳು, ಏನೂ ಆಗಲಿಲ್ಲ. ಮುಂದಿನ ವರ್ಸ ಮೂರು ಮಾಡಿದಳು, ಏನೂ ಆಗಲಿಲ್ಲ. ಎರಡು ಮಾಡಿದ ವರ್ಸ ಹಿಂಡು ಸರಿ ಇರಲಿಲ್ಲ. ತಿರುಗಿ ಮೂರಕ್ಕ ಬಂದಳು.”

“ಎರಡಕ್ಕ ಯಾಕ ಸರಿ ಇರಲಿಲ್ಲ?”

“ಆಕಿನ್ನ ನಾ ಕೇಳಲಿಲ್ಲ. ಆಕಿಗೂ ಗೊತ್ತಿರಲಿಲ್ಲ ಅಂತ ಕಾಣತೈತಿ.”

ಮಾಳಿಂಗ ಕೋಲನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಹೇಳಿದ, “ಒಂದು ಕೆಲಸ ಮಾಡಬಹುದು. ನಾವೆಲ್ಲ ಇಲ್ಲೇ ಕುಂತಿರೂಣು. ಇಬ್ಬರು ಆಳು ಬರೇ ಬುತ್ತಿ ಕಟ್ಟಿಕೊಂಡು ಮುಂದ ಹೋಗಿ, ಬಾವಿ ಹೊಲದ ರೈತರಿಗೆ ನಾವು ಬರತೀವಿ ಅಂತ ಮಾತು ಕೊಟ್ಟು ಇಟ್ಟರ ಹೆಂಗ?”

ಎಲ್ಲರೂ ಅವನನ್ನೇ ನೋಡಿದರು.

“ಇದನ್ನ ಮೂರು ವರ್ಸದ ಹಿಂದ ಹೇಳಬೇಕಿಲ್ಲೇನೋ ಮಾರಾಯಾ!” ಎಂದ ಮಾವ.

“ಆಗ ನಾನು ದಿನ್ನಿ ಮ್ಯಾಲ ಕುಂತಿರಲಿಲ್ಲಲ್ಲ ಮಾವ.”

ಇಬ್ಬರು ಆಳು ಅವತ್ತೇ ಹೊರಟರು. ಬಾವಿಯ ಹೊಲ ಸಿಕ್ಕಿತು. ಕೋಲು ಮಾಳಿಂಗನ ಕೈಯಲ್ಲೇ ಮುದಿಯಾಯಿತು. ಆ ತಂಡದವರು ಈಗಲೂ ಬೋಳುದಿನ್ನೆಯ ಮೇಲೆ ಮೂರು ದಿನ ಕೂಡುತ್ತಾರಂತೆ. ಕೂತ ಮೂರನೆಯ ದಿನ ಇ‌ಬ್ಬರನ್ನು ಮುಂದೆ ಕಳಿಸುತ್ತಾರಂತೆ. ಅವರಲ್ಲೊಬ್ಬ ಜಾಣ ಮೊನ್ನೆ ಕೇಳುತ್ತಿದ್ದನಂತೆ: ಎಲ್ಲರೂ ಹೇಗಿದ್ದರೂ ಹೋಗುತ್ತೇವೆ, ಇಬ್ಬರನ್ನು ಮುಂಚೆ ಯಾಕೆ ಕಳಿಸಬೇಕು, ಒಂದು ಕಾರಣ ಹೇಳಿ ಎಂದು.

ಕತೆ ಮುಗಿಯಿತು. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ನಿರುಪಾದಿ ಇನ್ನೂ ನಗುತ್ತಿದ್ದ. ಕತ್ತೆಗಳು ಕೂತದ್ದು ನೆನಪಾದರೆ ಸಾಕು, ನಗು ಉಕ್ಕುತ್ತಿತ್ತು. ಆಮೇಲೆ ಅವನಿಗೆ ಕೆಲಸ ನೆನಪಾಯಿತು. ಹಾಳೆಗಾಗಿ ಮಡಿಲು ತಡಕಿದ. ನಗುವ ಭರದಲ್ಲಿ ಅದು ಯಾವಾಗಲೋ ಜಾರಿ ಬಿದ್ದಿತ್ತು. ಗುರುಗಳ ಕೈಯಲ್ಲಿತ್ತು. ಅವರು ಮಡಿಕೆ ಬಿಡಿಸಿ ಕೊನೆಯ ಸಾಲನ್ನು ಓದುತ್ತಿದ್ದರು.

“ಹದಿನಾಲ್ಕು. ಕೇಳಿದ ಪ್ರಶ್ನೆಗೆ ಗುರುಗಳು ನೇರ ಉತ್ತರ ಕೊಡದೆ ಕತೆ ಹೇಳುವುದು. ಅರ್ಧ ದಿನ ಹೋಗುತ್ತದೆ. ಕಾರಣ ತಿಳಿದುಬಂದಿಲ್ಲ.”

ನಿರುಪಾದಿಯ ಕಿವಿ ಬಿಸಿಯಾದವು. ಆದರೆ ಅವನು ಸುಳ್ಳು ಹೇಳುವವನಲ್ಲ.

“ಬರದದ್ದು ಖರೇರಿ ಅಜ್ಜಾರ. ಈಗೂ ನೋಡ್ರಿ, ನನಗ ತಿಳದದ್ದು ಒಂದ ಮಾತು. ಕಾರಣ ಗೊತ್ತಿಲ್ಲ ಅಂತ ಪದ್ಧತಿ ಕೀಳಬ್ಯಾಡ, ತಿದ್ದೋದಿದ್ದರ ಅದರಾಗ ಇದ್ದು ಒಂದೊಂದ ತಿದ್ದು.” ಅವನು ಕಿವಿಯ ಮೇಲಿನ ಸೀಸದ ಕಡ್ಡಿ ತೆಗೆದು, ಬರೆದುಕೊಳ್ಳಲು ಹಾಳೆಗೆ ಕೈ ಚಾಚಿದ. “ಇದನ್ನ ಮುಂಜಾನೆನ ಒಂದ ಮಾತಿನಾಗ ಹೇಳಬಹುದಿತ್ತಲ್ರಿ?”

ಗುರುಗಳು ಹಾಳೆಯನ್ನು ಮಡಚಿ ಅವನ ಕೈಗಿತ್ತರು.

“ಹೇಳಬಹುದಿತ್ತೋ ತಮ್ಮಾ, ಹೇಳಿದ್ದರ ನೀ ಅದನ್ನೂ ಕತ್ತೆ ಮ್ಯಾಲ ಹೇರಕೊಂಡು ಹೊಂಟುಬಿಡತಿದ್ದಿ.”